ಮುತ್ಯಾ ಈಗ ಎಲ್ಲಿ ಅದಾನ?

ನಮ್ಮ ಭಾತಂಬ್ರಾದ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ, ಹೆಸರು ಓದುವ ಮೊದಲೇ ಯಾವ ಓಣಿಯವರು ಅಂತ ಗೊತ್ತಾಗಿಬಿಡುತ್ತದೆ. ‘ಲಿಂಗೈಕ್ಯರಾದರು’ ಅಂತಿದ್ದರೆ ಒಂದು ಓಣಿ. ‘ಇಂತಕಾಲ್ ಆಗಿದೆ’ ಅಂತಿದ್ದರೆ ಇನ್ನೊಂದು. ಮರಾಠಿ ಮಾತಾಡುವ ಮನೆಯಾದರೆ ಹೆಸರಿನ ಹಿಂದೆ ‘ಕೈಲಾಸವಾಸಿ’ ಬಂದಿರುತ್ತದೆ. ‘ಪ್ರಭುವಿನಲ್ಲಿ ನಿದ್ರೆಹೋದರು’ ಅಂತಿದ್ದರೆ ಅದು ನಮ್ಮವರದು, ಮೆಥಡಿಸ್ಟ್ ಚರ್ಚಿನವರದು.

ಕೆಳಗೆ ಬರುವ ರಿಪ್ಲೈಗಳು ಮಾತ್ರ ಎಲ್ಲರಿಗೂ ಒಂದೇ. ಕೈಮುಗಿದ ಇಮೋಜಿ, ‘ಓಂ ಶಾಂತಿ’, ‘ರಿಪ್’. ಈ ‘ರಿಪ್’ ಅನ್ನೋದು ಲ್ಯಾಟಿನ್ ಪ್ರಾರ್ಥನೆಯೊಂದರ ಮೂರು ಮೊದಲಕ್ಷರ, ಸತ್ತವರು ಶಾಂತಿಯಿಂದ ವಿಶ್ರಮಿಸಲಿ ಅಂತ ಅರ್ಥ. ಕ್ಯಾಥೋಲಿಕರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ಕಟ್ಟಾ ಪ್ರೊಟೆಸ್ಟಂಟರು ಅದನ್ನು ಒಪ್ಪುವುದಿಲ್ಲ. ಹಾಗಾಗಿ ನಮ್ಮ ಕೆಲವು ಹಿರಿಯರು ‘ರಿಪ್’ ನೋಡಿದರೆ ಮುಖ ಗಂಟುಹಾಕಿಕೊಳ್ಳುತ್ತಾರೆ. ಕಳಿಸಿದವನಿಗೆ ಪಾಪ ಇದ್ಯಾವುದೂ ಗೊತ್ತಿರುವುದಿಲ್ಲ.

‘ನಿದ್ರೆಹೋದರು’ ಅನ್ನುವ ಮಾತನ್ನು ಸ್ವಲ್ಪ ಹಿಡಿದುಕೊಳ್ಳೋಣ. ಇದು ಸಾವನ್ನು ಮೆತ್ತಗೆ ಹೇಳೋಕೆ ಹುಟ್ಟಿದ ಮಾತು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆದರೆ ಹಳೆಯ ಕ್ರೈಸ್ತರು ಹೂಳುವ ಜಾಗಕ್ಕೆ ಗ್ರೀಕಿನಲ್ಲಿ ಇಟ್ಟ ಹೆಸರೇ ‘ಕೊಯ್ಮೆಟೇರಿಯೊನ್’, ಅಂದರೆ ಮಲಗುವ ಕೋಣೆ. ಇಂಗ್ಲಿಷಿನ ‘ಸೆಮೆಟ್ರಿ’ ಬಂದದ್ದು ಅಲ್ಲಿಂದಲೇ. ಮಲಗಿದವರು ಏಳಬೇಕಲ್ಲ? ಅದೇ ಅವರ ಲೆಕ್ಕ.

ಆಫೀಸಿನಲ್ಲಿ ನನ್ನನ್ನು ಈ ಬಗ್ಗೆ ಕೇಳುವವರ ತಲೆಯಲ್ಲಿ ಸಾಮಾನ್ಯವಾಗಿ ಒಂದು ಸಿನಿಮಾ ಸೆಟ್ ಇರುತ್ತದೆ. ಬಿಳಿ ಮೋಡ, ರೆಕ್ಕೆ ಕಟ್ಟಿಕೊಂಡವರು, ಗೇಟಿನಲ್ಲಿ ರಿಜಿಸ್ಟರ್ ಹಿಡಿದು ನಿಂತ ಪೇತ್ರ. ಆತ್ಮ ಮೇಲೆ ಹಾರಿಹೋಯಿತು, ಕಥೆ ಮುಗಿಯಿತು. ಆದರೆ ನಾವು ಚರ್ಚಿನಲ್ಲಿ ಒಪ್ಪಿಕೊಂಡು ಹೇಳುವ ವಿಶ್ವಾಸಪ್ರಮಾಣ ಕೊನೆಯಾಗುವುದು ಹೀಗಲ್ಲ. ಅಲ್ಲಿ ಶರೀರದ ಪುನರುತ್ಥಾನದ ಮಾತಿದೆ, ಅಂದರೆ ದೇಹವೇ ಎದ್ದು ಬರುವ ಮಾತು. ಬೈಬಲ್ಲಿನ ಕೊನೆಯ ಪುಸ್ತಕದ ಕೊನೆಯ ದೃಶ್ಯದಲ್ಲಿ ಮನುಷ್ಯರು ಮೇಲಕ್ಕೆ ಹೋಗುವುದೂ ಇಲ್ಲ. ಒಂದು ಪಟ್ಟಣವೇ ದೇವರ ಕಡೆಯಿಂದ ಕೆಳಕ್ಕೆ ಇಳಿದು ಬರುತ್ತದೆ, ಭೂಮಿ ಹೊಸದಾಗುತ್ತದೆ.

ಸತ್ತ ದೇಹ ಹೇಗೆ ಏಳುತ್ತದೆ ಅಂತ ಅಂದಿನವರೂ ಕೇಳಿದ್ದರು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಅದಕ್ಕೆ ಬೀಜದ ಉದಾಹರಣೆ ಕೊಡುತ್ತಾನೆ. ಬಿತ್ತಿದ ಕಾಳೇ ಬೇರೆ, ಮೇಲೆ ಬರುವ ಬೆಳೆಯೇ ಬೇರೆ, ಆದರೂ ಎರಡಕ್ಕೂ ನಂಟಿದೆ. ಭಾಲ್ಕಿ ಸೀಮೆಯ ಕರಿ ಮಣ್ಣಿನಲ್ಲಿ ತೊಗರಿ ಬಿತ್ತುವವರಿಗೆ ಇದನ್ನು ಬಿಡಿಸಿ ಹೇಳುವ ಕೆಲಸವಿಲ್ಲ.

ಹಾಗಾದರೆ ಸತ್ತ ದಿನದಿಂದ ಏಳುವ ದಿನದವರೆಗೆ ಮನುಷ್ಯ ಎಲ್ಲಿರುತ್ತಾನೆ? ಇಲ್ಲಿ ಚರ್ಚುಗಳು ಒಂದೊಂದು ದಿಕ್ಕು ಹಿಡಿಯುತ್ತವೆ. ಕ್ಯಾಥೋಲಿಕರು ಸ್ವರ್ಗಕ್ಕೆ ಮೊದಲು ಶುದ್ಧಿಯಾಗುವ ಒಂದು ಹಂತವಿದೆ ಅನ್ನುತ್ತಾರೆ. ನವೆಂಬರ್ 2ರಂದು ಸತ್ತ ಎಲ್ಲರಿಗಾಗಿ ಪೂಜೆ ಇಡುತ್ತಾರೆ. ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಕಳಿಸಿದ ನಂಬಿಕೆಯ ವಿಧಿಗಳಲ್ಲಿ ಆ ಶುದ್ಧಿಯ ಹಂತವನ್ನು ಸ್ಪಷ್ಟವಾಗಿ ತಳ್ಳಿಹಾಕಿದ. ನಮ್ಮ ಬೀದರ್ ಕಡೆಗೆ 19ನೇ ಶತಮಾನದ ಕೊನೆಯಲ್ಲಿ ಬಂದವರು ಆ ಅಮೆರಿಕದ ಮೆಥಡಿಸ್ಟರೇ. ಮೈಸೂರು ಕಡೆಯ ವೆಸ್ಲಿಯನ್ ಮೆಥಡಿಸ್ಟರು 1947ರಲ್ಲಿ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ ಸೇರಿಕೊಂಡರು. ನಮ್ಮವರು ಸೇರಲಿಲ್ಲ. ಹಾಗಾಗಿಯೇ ಬೀದರ್‌ನಲ್ಲಿ ಇವತ್ತಿಗೂ ‘ನೀವು ಮೆಥಡಿಸ್ಟರೇನ್ರಿ?’ ಅಂತಲೇ ಕೇಳುತ್ತಾರೆ.

ನಡುವಿನ ಆ ಕಾಲಕ್ಕೆ ಪ್ರೊಟೆಸ್ಟಂಟರು ಹಿಡಿದುಕೊಳ್ಳುವುದು ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನ ಪ್ರಸಂಗವನ್ನು. ಸಾಯುವ ಹೊತ್ತಿಗೆ ಅವನಿಗೆ ಅದೇ ದಿನ ತನ್ನ ಜೊತೆ ಇರುವ ಭರವಸೆ ಸಿಗುತ್ತದೆ. ಕನ್ನಡ ಬೈಬಲ್ಲಿನಲ್ಲಿ ಆ ಜಾಗದ ಹೆಸರು ‘ಪರದೈಸು’. ಚಿಕ್ಕವನಿದ್ದಾಗ ಈ ಶಬ್ದ ಕೇಳಿದರೆ ಯಾವುದೋ ಪರದೇಶ ಅನ್ನಿಸುತ್ತಿತ್ತು. ಆಮೇಲೆ ಅದರ ಬೇರು ಹುಡುಕಿದರೆ ಸಿಕ್ಕಿದ್ದು ಇರಾನ್. ಹಳೆಯ ಇರಾನಿ ಭಾಷೆಯಲ್ಲಿ ಸುತ್ತ ಗೋಡೆ ಕಟ್ಟಿದ ತೋಟಕ್ಕಿದ್ದ ಹೆಸರು ಗ್ರೀಕಿಗೆ ಹೋಗಿ ‘ಪರಾದೈಸೊಸ್’ ಆಯಿತು, ಅಲ್ಲಿಂದ ಕನ್ನಡ ಬೈಬಲ್ಲಿಗೆ ಬಂತು. ಅದೇ ಬೇರಿನ ಇನ್ನೊಂದು ಕವಲು ‘ಫಿರ್ದೌಸ್’.

ಬೀದರ್‌ನವರಿಗೆ ಫಿರ್ದೌಸ್ ಗೊತ್ತಿಲ್ಲದೇ ಏನು! ಪಕ್ಕದ ಓಣಿಯಲ್ಲಿ ಇಂತಕಾಲ್ ಆದಾಗ, ದೇವರು ಅವರಿಗೆ ಜನ್ನತುಲ್ ಫಿರ್ದೌಸ್ ಕೊಡಲಿ ಅಂತಲೇ ಬರೆಯುತ್ತಾರೆ. ಅದೇ ಹೆಸರಿನ ಅತ್ತರೂ ಇದೆ, ನಮ್ಮ ಕಾಕಾ ಈಸ್ಟರ್ ದಿನ ಅದನ್ನೇ ಹಚ್ಚಿಕೊಂಡು ಚರ್ಚಿಗೆ ಬರುತ್ತಿದ್ದ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರ್‌ಗೆ ರಾಜಧಾನಿ ತಂದಾಗ ಪಾರಸಿ ಜೊತೆಗೆ ಬಂದಿತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಕೂತು ಕನ್ನಡಕ್ಕೆ ಬೈಬಲ್ ತರುವ ಕೆಲಸ ಹಚ್ಚಿಕೊಂಡದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಅಂದರೆ ಪರದೈಸು ಕನ್ನಡಕ್ಕೆ ಬರುವ ಎಷ್ಟೋ ಮೊದಲೇ ಅದರ ಅಣ್ಣ ನಮ್ಮ ಜಿಲ್ಲೆಯಲ್ಲಿ ಮನೆ ಮಾಡಿಕೊಂಡಿದ್ದ.

ನರಕದ ಕಥೆಯೂ ಇದೇ. ಯೇಸು ಎಚ್ಚರಿಕೆ ಕೊಡುವಾಗ ಬಳಸುವ ಶಬ್ದ ‘ಗೆಹೆನ್ನ’. ಅದು ಯೆರೂಸಲೇಮಿನ ಪಕ್ಕದ ಒಂದು ಕಣಿವೆ, ಹಿನ್ನೋಮ್ ಕಣಿವೆ. ಹಿಂದೊಮ್ಮೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಅಂತ ಪ್ರವಾದಿ ಯೆರೆಮೀಯ ಸಿಟ್ಟಿನಿಂದ ಹೇಳುತ್ತಾನೆ. ಆ ಹೆಸರೇ ಅರಬ್ಬಿಯಲ್ಲಿ ‘ಜಹನ್ನಮ್’ ಆಯಿತು. ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಜಗಳಾಡುವಾಗ ‘ಜಹನ್ನಮ್‌ಗೆ ಹೋಗು’ ಅಂದರೆ, ಅವರು ಕಳಿಸುತ್ತಿರುವುದು ಭೂಪಟದಲ್ಲಿ ಇವತ್ತಿಗೂ ಇರುವ ಒಂದು ತಗ್ಗಿಗೆ.

ಕನ್ನಡದ ಅನುವಾದಕರಿಗೆ ಇಲ್ಲಿ ಒಂದು ಕಷ್ಟವಿತ್ತು. ಸ್ವರ್ಗ, ನರಕ ಎರಡೂ ಶಬ್ದ ನಮ್ಮಲ್ಲಿ ಮೊದಲೇ ಇದ್ದವು, ಆದರೆ ಪುರಾಣದ ಸ್ವರ್ಗ ಬಾಡಿಗೆ ಮನೆ ಇದ್ದಂತೆ. ಪುಣ್ಯದ ಬ್ಯಾಲೆನ್ಸ್ ಮುಗಿದರೆ ಮತ್ತೆ ಭೂಮಿಗೆ ಬರಲೇಬೇಕು. ನರಕವೂ ಶಿಕ್ಷೆ ಮುಗಿಯುವವರೆಗಿನ ಜೈಲು. ಪ್ರೊಟೆಸ್ಟಂಟ್ ಬೈಬಲ್ಲಿನಲ್ಲಿ ಸ್ವರ್ಗದ ಬದಲು ‘ಪರಲೋಕ’ ನೆಲೆ ನಿಂತಿತು. ಸತ್ತವರೆಲ್ಲರ ತಾಣವಾದ ಹೀಬ್ರೂ ‘ಷಿಯೋಲ್’, ಗ್ರೀಕ್ ‘ಹೇಡೀಸ್’ಗೆ ‘ಪಾತಾಳ’ ಬಂತು. ಗೆಹೆನ್ನಕ್ಕೆ ಮಾತ್ರ ‘ನರಕ’ವೇ ಉಳಿಯಿತು. 1611ರ ಪ್ರಸಿದ್ಧ ಇಂಗ್ಲಿಷ್ ಅನುವಾದ ಈ ಎಲ್ಲವನ್ನೂ ಎಷ್ಟೋ ಕಡೆ ಒಂದೇ ‘ಹೆಲ್’ ಅಂತ ಬರೆದುಬಿಟ್ಟಿದೆ. ಈ ಒಂದು ವಿಷಯದಲ್ಲಿ ನಮ್ಮ ಕನ್ನಡ ಬೈಬಲ್ಲೇ ವಾಸಿ ಅಂತ ನನಗನ್ನಿಸುತ್ತದೆ. ಸತ್ತವರ ಜಾಗ ಬೇರೆ, ತೀರ್ಪಿನ ಜಾಗ ಬೇರೆ ಅನ್ನುವುದು ಓದುವಾಗಲೇ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಶಬ್ದ ಹುಡುಕಿಕೊಂಡು ನಾನ್ಯಾಕೆ ಹೋದೆ ಅಂದರೆ, ಅದಕ್ಕೆ ಕಾರಣ ನನ್ನ ಮುತ್ಯಾ. ಅವ್ವನ ಅಪ್ಪ.

ಬೇವಿನ ಗಿಡದ ಕೆಳಗೆ

ನಮ್ಮ ಕಡೆ ಎಷ್ಟೋ ಕುಟುಂಬಗಳು ಅರ್ಧ ಆ ಕಡೆ, ಅರ್ಧ ಈ ಕಡೆ. ಆಯಿ ದೀಕ್ಷಾಸ್ನಾನ ಆದವಳು. ಮುತ್ಯಾ ಆಗಲಿಲ್ಲ. ಅವನು ಖಾನಾಪುರದ ಮೈಲಾರ ಮಲ್ಲಣ್ಣನ ಒಕ್ಕಲು, ವರ್ಷಕ್ಕೊಮ್ಮೆ ಭಂಡಾರ ಹಚ್ಚಿಕೊಂಡು ಬರುತ್ತಿದ್ದ. ಆದರೆ ಪ್ರತಿ ಭಾನುವಾರ ಆಯಿಯನ್ನು ಚರ್ಚಿನವರೆಗೆ ಕರೆದುಕೊಂಡು ಬರುವವನೂ ಅವನೇ. ಆಯಿ ಒಳಗೆ ಹೋದರೆ ಇವನು ಹೊರಗೆ ಬೇವಿನ ಗಿಡದ ಕೆಳಗೆ ಕೂತು, ಹಾಡು ಮುಗಿಯುವವರೆಗೆ ತಂಬಾಕು ತಿಕ್ಕುತ್ತಿದ್ದ. ಒಳಗೆ ಬಾ ಅಂತ ಯಾರಾದರೂ ಕರೆದರೆ, ‘ಆಕಿ ಹೋಗ್ಯಾಳಲ್ಲ, ಇಬ್ಬರಿಗೂ ಆತು’ ಅಂತಿದ್ದ.

ಅವನು ತೀರಿಕೊಂಡ ಮೇಲೆ, ಕೂಟಕ್ಕೆ ಅಂತ ಬೇರೆ ಊರಿನಿಂದ ಬಂದ ಬೋಧಕರೊಬ್ಬರು ಆಯಿಯ ಎದುರಿಗೇ ಹೇಳಿಬಿಟ್ಟರು: ದೀಕ್ಷಾಸ್ನಾನ ಇಲ್ಲದೆ ಸತ್ತವರು ಎಲ್ಲಿರುತ್ತಾರೆ ಅನ್ನುವುದರಲ್ಲಿ ಅನುಮಾನವೇ ಬೇಡ ಅಂತ. ಆಯಿ ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಇಂಜಿನಿಯರಿಂಗ್ ಓದುತ್ತಿದ್ದ ನನ್ನನ್ನು ಕೇಳಿದಳು: ‘ನೀ ಇಷ್ಟ್ ಓದೀಯಲ್ಲ ತಮ್ಮಾ, ಹೇಳು, ಮುತ್ಯಾ ಈಗ ಎಲ್ಲಿ ಅದಾನ?’

ನನ್ನ ಸಿಲಬಸ್ಸಿನಲ್ಲಿ ಅದಿರಲಿಲ್ಲ. ಆದರೆ ಪ್ರಶ್ನೆ ಬಿಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ, ರಾತ್ರಿ ಡಿಪ್ಲಾಯ್‌ಮೆಂಟ್ ಕಾಯುತ್ತಾ ಕೂತಾಗಲೆಲ್ಲ ಇದನ್ನೇ ಓದಿದ್ದೇನೆ.

ಓದಿದ ಮೇಲೆ ಗೊತ್ತಾದದ್ದು, ಆ ಬೋಧಕರ ಉತ್ತರಕ್ಕೆ ಹಳೆಯ, ಗಟ್ಟಿ ಪರಂಪರೆ ಇದೆ. 5ನೇ ಶತಮಾನದ ಅಗಸ್ಟೀನ್ ಆ ಕಡೆಯವನೇ, ನರಕ ಶಾಶ್ವತ ಅಂತ ಕಡ್ಡಿ ಮುರಿದಂತೆ ವಾದಿಸಿದವನು. ಆದರೆ ಅದೊಂದೇ ದನಿ ಯಾವತ್ತೂ ಇರಲಿಲ್ಲ. ಅಗಸ್ಟೀನ್‌ಗಿಂತ ಹಿಂದೆಯೇ ನಿಸ್ಸಾದ ಗ್ರೆಗೊರಿ ಎಂಬ ಬಿಷಪ್, ದೇವರ ಬೆಂಕಿ ಚಿನ್ನ ಕಾಸುವ ಬೆಂಕಿಯಂತೆ, ಕೊನೆಗೆ ಕೆಟ್ಟದ್ದೆಲ್ಲ ಸುಟ್ಟು ಎಲ್ಲರೂ ದೇವರ ಕಡೆಗೆ ತಿರುಗುತ್ತಾರೆ ಎಂಬ ನಂಬಿಕೆ ಇಟ್ಟುಕೊಂಡಿದ್ದ. ಪೂರ್ವದ ಚರ್ಚುಗಳು ಅವನನ್ನು ಸಂತ ಅಂತಲೇ ಕರೆಯುತ್ತವೆ. ನಮ್ಮ ಕಾಲಕ್ಕೆ ಬಂದರೆ, ಇವಾಂಜೆಲಿಕಲ್ ಲೋಕದಲ್ಲಿ ಬಹಳ ಗೌರವ ಇದ್ದ ಇಂಗ್ಲೆಂಡಿನ ಜಾನ್ ಸ್ಟಾಟ್ 1988ರಲ್ಲಿ, ದೇವರನ್ನು ಕೊನೆಯವರೆಗೂ ತಿರಸ್ಕರಿಸಿದವರು ಅನಂತಕಾಲ ನರಳುವ ಬದಲು ಇಲ್ಲವಾಗಬಹುದು ಅಂತ ಅಂಜುತ್ತಲೇ ಬರೆದರು. ದೊಡ್ಡ ಗದ್ದಲವೇ ಆಯಿತು. ಕ್ಯಾಥೋಲಿಕರು ಎರಡನೇ ವ್ಯಾಟಿಕನ್ ಸಮಾವೇಶದಲ್ಲಿ, 1964ರಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆ ಅರಿಯದೇ ಹೋದವರು ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿದರೆ ಅವರಿಗೂ ರಕ್ಷಣೆ ಸಿಗಬಹುದು ಅಂತ ಅಧಿಕೃತವಾಗಿಯೇ ಹೇಳಿದರು.

ನನಗೆ ಹೆಚ್ಚು ಬೇಕಾಗಿದ್ದು ಮೆಥಡಿಸ್ಟರ ಮೂಲಪುರುಷ ವೆಸ್ಲಿ ಏನಂದ ಅನ್ನೋದು. ಜನರನ್ನು ನರಕದಿಂದ ಎಚ್ಚರಿಸುತ್ತಾ ಕುದುರೆ ಮೇಲೆ ಇಡೀ ಇಂಗ್ಲೆಂಡ್ ಸುತ್ತಿದ ಮನುಷ್ಯ ಅವನು, ನರಕ ಇದೆ ಅನ್ನುವುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೆ ತೀರಿಕೊಳ್ಳುವ ಹಿಂದಿನ ವರ್ಷ, 1790ರ ಒಂದು ಪ್ರಸಂಗದಲ್ಲಿ, ಕ್ರೈಸ್ತರಲ್ಲದವರ ಮೇಲೆ ತೀರ್ಪು ಕೊಡುವ ಅಧಿಕಾರ ತನಗಿಲ್ಲ, ಅವರನ್ನು ಮಾಡಿದ ದೇವರಿಗೇ ಅದನ್ನು ಬಿಡುತ್ತೇನೆ ಎನ್ನುವ ಅರ್ಥದಲ್ಲಿ ಮಾತಾಡಿದ್ದಾನೆ. ಆ ಬೋಧಕರು ಇದನ್ನು ಓದಿದ್ದರೆ ಆಯಿ ಎರಡು ದಿನ ಉಣ್ಣುತ್ತಿದ್ದಳೇನೋ.

ಹಾಗಂತ ನರಕವನ್ನೇ ತೆಗೆದುಹಾಕಿ ಅಂತ ಹೇಳುವವರ ಜೊತೆ ನಾನಿಲ್ಲ. ಅದಕ್ಕೂ ನಮ್ಮ ಊರೇ ಕಾರಣ.

ಲೂಕನ ಪುಸ್ತಕದಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಒಬ್ಬ ಸಾಹುಕಾರ, ಅವನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದುಕೊಂಡ ಭಿಕ್ಷುಕ. ಇಬ್ಬರೂ ಸಾಯುತ್ತಾರೆ. ಭಿಕ್ಷುಕ ಅಬ್ರಹಾಮನ ಮಗ್ಗುಲಲ್ಲಿ, ಸಾಹುಕಾರ ಪಾತಾಳದಲ್ಲಿ. ಸಾಹುಕಾರನಿಗೆ ನಾಲಿಗೆ ಒಣಗುತ್ತದೆ. ಆ ಭಿಕ್ಷುಕನ ಕೈಯಲ್ಲಿ ಒಂದು ಹನಿ ನೀರು ಕಳಿಸಿ ಅಂತ ಕೂಗುತ್ತಾನೆ. ಗಮನಿಸಿ, ಪಾತಾಳಕ್ಕೆ ಬಿದ್ದ ಮೇಲೂ ಅವನ ತಲೆಯಲ್ಲಿ ಭಿಕ್ಷುಕ ಅಂದರೆ ನೀರು ತಂದುಕೊಡುವ ಆಳೇ! ಇನ್ನೊಂದು ವಿಷಯ: ಕಥೆಯಲ್ಲಿ ಭಿಕ್ಷುಕನಿಗೆ ಹೆಸರಿದೆ, ಲಾಜರ. ಸಾಹುಕಾರನಿಗೆ ಹೆಸರೇ ಇಲ್ಲ. ಊರುಗಳಲ್ಲಿ ನಡೆಯುವುದು ಇದರ ಉಲ್ಟಾ ಅಲ್ಲವೇ? ಸಾಹುಕಾರರ ಹೆಸರು ಎಲ್ಲರಿಗೂ ಗೊತ್ತು, ನಮ್ಮ ಓಣಿಯವರನ್ನು ‘ಏ’ ಅಂತಲೋ ಜಾತಿ ಹಿಡಿದೋ ಕೂಗಿದರೆ ಮುಗಿಯಿತು.

ನಮ್ಮ ಹಿರಿಯರು ಊರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಮೇಲಿನವರು ಬಂದು ಎತ್ತಿ ಹುಯ್ಯುವವರೆಗೆ ಬಿಸಿಲಲ್ಲಿ ಕಾಯಬೇಕು. ಹಾಗೆ ಕಾದವರ ಕಿವಿಗೆ, ನೀರಿಲ್ಲದೆ ಒದ್ದಾಡುತ್ತಿರುವವನು ಸಾಹುಕಾರ ಅಂತ ಮೊದಲ ಸಲ ಈ ಕಥೆ ಬಿದ್ದಾಗ ಹೇಗನ್ನಿಸಿರಬೇಕು? ಆಯಿಗೆ ಬೈಬಲ್ಲಿನ ಅರ್ಧ ಕಥೆಗಳು ಮರೆತಿದ್ದವು, ಇದು ಮಾತ್ರ ಬಾಯಿಪಾಠ. ಕಥೆಯಲ್ಲಿ ಸಾಹುಕಾರನ ದೇವರು ಯಾರು, ಅವನಿಗೆ ಯಾವ ಸಂಸ್ಕಾರ ಆಗಿತ್ತು ಅಂತ ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಬಿದ್ದವನನ್ನು ಅವನು ದಿನಾ ದಾಟಿಕೊಂಡು ಹೋದ. ಮತ್ತಾಯನ ಪುಸ್ತಕದ ಕೊನೆಯ ತೀರ್ಪಿನಲ್ಲೂ ಕೇಳುವುದು ಇಂಥದ್ದನ್ನೇ: ಹಸಿದಾಗ ಉಣ್ಣಕ್ಕೆ ಕೊಟ್ಟೆಯಾ, ನೀರಡಿಸಿದಾಗ ನೀರು ಕೊಟ್ಟೆಯಾ.

ಕೋರ್ಟು, ಪೊಲೀಸ್ ಠಾಣೆ ಯಾವುದೂ ತಮ್ಮ ಕಡೆ ಇಲ್ಲದವರಿಗೆ, ಲೆಕ್ಕ ಕೇಳುವ ಒಂದು ದಿನ ಇದೆ ಅನ್ನುವುದು ಬೆದರಿಕೆಯಾಗಿ ಕೇಳಿಸುವುದಿಲ್ಲ. ತೀರ್ಪು ಬೇಡ ಅನ್ನುವ ಐಷಾರಾಮ ಅನ್ಯಾಯ ಉಣ್ಣದವರಿಗೆ ಇರಬಹುದು. ಆದರೆ ಅದೇ ನರಕವನ್ನು, ಜೀವನಪೂರ್ತಿ ಲಾಜರನ ಸಾಲಿನಲ್ಲೇ ಕೂತಿದ್ದ ಮುತ್ಯಾನ ಮೇಲೆ ತಿರುಗಿಸಿದರೆ? ಕಥೆ ಹೇಳಿದವನು ಬೆಟ್ಟು ತೋರಿಸಿದ್ದು ಒಬ್ಬನ ಕಡೆಗೆ, ಬೋಧಕರು ತೋರಿಸಿದ್ದು ಇನ್ನೊಬ್ಬನ ಕಡೆಗೆ. ನನ್ನ ತಕರಾರು ಇಷ್ಟೇ.

ಆಯಿಗೆ ನಾನು ಗ್ರೆಗೊರಿ, ವ್ಯಾಟಿಕನ್ ಎಲ್ಲ ಹೇಳಲು ಹೋಗಲಿಲ್ಲ. ವೆಸ್ಲಿ ಹೀಗಂದಿದ್ದಾನೆ ಅಂತ ಮಾತ್ರ ಒಮ್ಮೆ ಊರಿಗೆ ಹೋದಾಗ ಹೇಳಿದೆ. ಅಷ್ಟರಲ್ಲಿ ಆಕೆ ತನ್ನ ಉತ್ತರ ತಾನೇ ಕಂಡುಕೊಂಡಿದ್ದಳು. ‘ನಾ ಹೋಗಿ ಬಾಗಿಲಾಗ ಕೇಳ್ತೀನಿ. ಅವ ಒಳಗ ಇದ್ರ ಹೋಗ್ತೀನಿ. ಇಲ್ಲಂದ್ರ, ಅವ ನನಗ ನಲವತ್ತ್ ವರ್ಷ ಹೊರಗ ಕಾದಾನ, ನಾನೂ ಹೊರಗ ಗಿಡದ ಕೆಳಗ ಕೂಡ್ತೀನಿ.’

ಮಹಾಭಾರತ ಗೊತ್ತಿದ್ದವರಿಗೆ ಧರ್ಮರಾಯ ನೆನಪಾಗಬಹುದು. ತಮ್ಮಂದಿರು, ದ್ರೌಪದಿ ನರಕದಲ್ಲಿದ್ದರೆ ನನಗೂ ಇದೇ ಇರಲಿ ಅಂದವನು. ಆದರೆ ಆಯಿಯ ಮಾತು ಬೈಬಲ್ಲಿಗೂ ಹೊರಗಿನದಲ್ಲ. ಮೋಶೆ ತನ್ನ ಜನರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸು ಅಂತ ದೇವರ ಜೊತೆ ಹಟ ಹಿಡಿಯುತ್ತಾನೆ. ತನ್ನ ಸ್ವಂತ ಜನರಿಗಾಗಿ ತಾನೇ ಕ್ರಿಸ್ತನಿಂದ ದೂರವಾದರೂ ಆದೀತು ಅಂತ ಪೌಲ ಬರೆಯುತ್ತಾನೆ. ಬರೆಯಲು ಬಾರದ ನಮ್ಮ ಆಯಿ ಆ ಸಾಲಿಗೆ ಹೋಗಿ ಕೂತಿದ್ದಳು. ಅವಳಿಗೆ ಅದು ಗೊತ್ತಿರಲಿಲ್ಲ, ಹೇಳಿದ್ದರೂ ನಕ್ಕುಬಿಡುತ್ತಿದ್ದಳು.

ನಿತ್ಯ ಅಂದರೆ ದಿನಾ

ಉಳಿದದ್ದು ‘ನಿತ್ಯಜೀವ’. ಆಫೀಸಿನ ಗೆಳೆಯನೊಬ್ಬ ಒಮ್ಮೆ ಕೇಳಿದ್ದ: ‘ಎಂಡ್ ಇಲ್ಲದೇ ಬದುಕೋದು ಬೋರ್ ಆಗಲ್ವಾ?’ ಅನಂತ ಲೂಪ್ ಅಂದರೆ ನಮ್ಮ ಕೆಲಸದಲ್ಲಿ ಅದು ಬಗ್ಗೇ ತಾನೆ. ಪ್ರಶ್ನೆ ತಮಾಷೆಯದ್ದಾದರೂ ಸರಿಯಾಗಿಯೇ ಇದೆ.

ಗ್ರೀಕಿನ ಮೂಲ ಮಾತಿಗೆ, ಬರಲಿರುವ ಯುಗದ ಜೀವ ಅನ್ನುವ ಛಾಯೆಯಿದೆ, ಉದ್ದಕ್ಕಿಂತ ಗುಣದ ಮೇಲೆ ಒತ್ತು. ಯೋಹಾನನ ಪುಸ್ತಕದಲ್ಲಿ ಯೇಸುವೇ ಅದಕ್ಕೆ ಅರ್ಥ ಹೇಳುವಾಗ ವರ್ಷಗಳ ಲೆಕ್ಕ ತೆಗೆಯುವುದಿಲ್ಲ, ದೇವರನ್ನು ಅರಿಯುವುದೇ ನಿತ್ಯಜೀವ ಅನ್ನುತ್ತಾನೆ. ಹಾಗಾದರೆ ಅದು ಸತ್ತ ಮೇಲೆ ಶುರುವಾಗುವ ಸ್ಕೀಮ್ ಅಲ್ಲ, ಇವತ್ತೇ ಶುರುವಾಗಬಹುದು. ಕನ್ನಡದಲ್ಲಿ ಈ ಅರ್ಥ ತಾನಾಗಿಯೇ ಬಂದು ಕೂತಿದೆ. ನಮಗೆ ‘ನಿತ್ಯ’ ಅಂದರೆ ಶಾಶ್ವತವೂ ಹೌದು, ದಿನಾ ಅಂತಲೂ ಹೌದು. ‘ನಿತ್ಯಜೀವ’ಕ್ಕೆ ಒಂದು ‘ನ’ ಸೇರಿಸಿದರೆ ‘ನಿತ್ಯಜೀವನ’, ಅಂದರೆ ಹಾಲು, ಕರೆಂಟ್ ಬಿಲ್, ಬಸ್ಸು. ಅನುವಾದಕರು ಬೇಕಂತಲೇ ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಬಸವಣ್ಣನವರು ನಡೆದಾಡಿದ ಕಲ್ಯಾಣ ನಮ್ಮ ಪಕ್ಕದ ತಾಲ್ಲೂಕು. ಸ್ವರ್ಗ, ನರಕ ಬೇರೆಲ್ಲೋ ಇಲ್ಲ, ನಮ್ಮ ನಡೆನುಡಿಯಲ್ಲೇ ಇವೆ ಅಂತ ಶರಣರು ಆಗಲೇ ಹೇಳಿದ್ದ ಸೀಮೆಯಿದು. ಈ ಮಣ್ಣಿನಲ್ಲಿ ‘ನಿತ್ಯಜೀವ’ ಕೇಳಿದವರಿಗೆ ಎರಡೂ ಅರ್ಥ ಕೇಳಿಸಿರಲೇಬೇಕು.

ಕೊನೆಗೆ ಒಂದು ಪ್ರಾಯೋಗಿಕ ವಿಷಯ. ನಮ್ಮ ಜಿಲ್ಲೆಯಲ್ಲಿ ಹೂಳುವುದು ಕ್ರೈಸ್ತರ ಹೊಸ ಪದ್ಧತಿಯೇನಲ್ಲ. ಲಿಂಗಾಯತರು ಕುಳಿತ ಭಂಗಿಯಲ್ಲಿ ಹೂಳುತ್ತಾರೆ, ಮುಸ್ಲಿಮರು ಮುಖ ಮಕ್ಕಾದ ಕಡೆ ಮಾಡಿ ಹೂಳುತ್ತಾರೆ. ನಮ್ಮವರು ಅಂಗಾತ ಮಲಗಿಸುತ್ತಾರೆ. ಊರಲ್ಲಿ ಜಾಗಕ್ಕೆ ಕೊರತೆಯಿಲ್ಲ. ಬೆಂಗಳೂರಿಗೆ ಬಂದ ನಮ್ಮಂಥವರಿಗೆ ಮಾತ್ರ ಇದು ದೊಡ್ಡ ಪ್ರಶ್ನೆ. ಕೋವಿಡ್ ಹೊತ್ತಿನಲ್ಲಿ ಅಪ್ಪನನ್ನು ಸುಡಬೇಕಾಗಿ ಬಂದ ಗೆಳೆಯನೊಬ್ಬ ತಿಂಗಳುಗಟ್ಟಲೆ ಕೊರಗಿದ: ದೇಹವೇ ಇಲ್ಲದಿದ್ದರೆ ಏಳುವುದು ಹೇಗೆ?

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಕ್ರಿಸ್ತಶಕ 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಕೊಂದವರು, ಇವರು ಮತ್ತೆ ಏಳಬಾರದು ಅಂತಲೇ ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಉಳಿದ ಕ್ರೈಸ್ತರು ಅದರಿಂದ ನಂಬಿಕೆ ಬಿಡಲಿಲ್ಲ. ಬೂದಿ ಆದವರನ್ನೂ ಎಬ್ಬಿಸುವವನಿಗೆ ಎಲುಬಿನ ಹಂಗೇನು? ಕ್ಯಾಥೋಲಿಕ್ ಚರ್ಚು 1963ರಲ್ಲಿ ದಹನಕ್ಕೆ ಒಪ್ಪಿಗೆ ಕೊಟ್ಟಿದೆ. ಬೂದಿಯನ್ನು ಚೆಲ್ಲಬಾರದು, ಮನೆಯಲ್ಲೂ ಇಟ್ಟುಕೊಳ್ಳಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ಸೂಚನೆ ಬಂತು. ಪ್ರೊಟೆಸ್ಟಂಟರಲ್ಲಿ ಒಂದೊಂದು ಕಡೆ ಒಂದೊಂದು ರೂಢಿ, ನಿಮ್ಮ ಪಾಸ್ಟರರನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸಾವಿನ ದಿನ ಕೇಳಲು ಯಾರಿಗೂ ತಲೆ ಓಡುವುದಿಲ್ಲ.

ನಮ್ಮ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಎಲ್ಲ ಕೇಳಿದಳು. ‘ಅದೆಲ್ಲಾ ಖರೆ, ಆದ್ರ ನನಗ ಊರಿಗೇ ತರ್ರಿ, ಆಯಿ ಬಾಜು’ ಅಂದಳು. ಮುತ್ಯಾನ ಗೋರಿ ಚರ್ಚಿನ ಸ್ಮಶಾನದಲ್ಲಿಲ್ಲ, ಬೇಲಿಯಾಚೆ ಹೊಲದ ಬದುವಿನಲ್ಲಿದೆ. ಆಯಿಯದು ಬೇಲಿಯ ಈಚೆ ಕಡೆಯ ಸಾಲಿನಲ್ಲಿ, ತಾನೇ ಹೇಳಿ ಹಿಡಿಸಿಕೊಂಡ ಜಾಗ. ಈಗ ಆ ಬೇಲಿ ಕಿತ್ತು ಕಲ್ಲಿನ ಕಂಪೌಂಡ್ ಕಟ್ಟಿಸಬೇಕು ಅಂತ ಪಟ್ಟಿ ಎತ್ತುತ್ತಿದ್ದಾರೆ, ಮನೆಗೆ ಎರಡು ಸಾವಿರ. ಫೋನ್‌ಪೇ ಮಾಡು ಅಂತ ಅವ್ವ ಎರಡು ಸಲ ನೆನಪಿಸಿದ್ದಾಳೆ. ಆ ಸಾಲಿನ ಹತ್ತಿರ ಒಂದು ಸಣ್ಣ ಗೇಟ್ ಬಿಡಿಸಿದರೆ ಕಳಿಸ್ತೀನಿ ಅಂತ ಹೇಳಿದ್ದೇನೆ. ಕಮಿಟಿಯವರು ಮುಂದಿನ ಭಾನುವಾರ ಕೂಡುತ್ತಾರಂತೆ.